ಆರು ಒಬ್ಬೆ ಸಾಕು

ಯಶವಂತಪುರದಲ್ಲಿ ಬೀಗ ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ಗುಮಾಸ್ತನಾಗಿದ್ದೆ. ಸೇರಿದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಬಿಟ್ಟದ್ದು ಎಂಬತ್ತರ ದಶಕದ ಕೊನೆಯಲ್ಲಿ. ಓದಿದ್ದು ಎಸ್ಸೆಸ್ಸೆಲ್ಸಿ. ಯಲಹಂಕದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಮರಳುತ್ತಿದ್ದೆ. ಈಗ ಹಾಸ್ಟೆಲ್ಲು, ಆಸ್ಪತ್ರೆ, ಕಾರ್ಖಾನೆಗಳ ಅಡುಗೆಮನೆಗೆ ಯೋಜನೆ ಹಾಕುವ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು, ಅವರಲ್ಲಿ ನನ್ನ ತಮ್ಮನ ಮೊಮ್ಮಗಳೂ ಒಬ್ಬಳು, ನಿಮ್ಮ ಕಾಲದಲ್ಲಿ ಇದನ್ನೆಲ್ಲ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು ಮಾಡುತ್ತಿದ್ದೆವು. ಗೆರೆ ಎಳೆಯುವುದು ಯಾರಿಗಾದರೂ ಬರುತ್ತದೆ. ಎಳೆದ ಮೇಲೆ ಅದರ ಯಾವ ಕಡೆ ನಮ್ಮದು ಎಂದು ತಿಳಿಯುವುದೇ ಕೆಲಸ. ಆ ಕೆಲಸದಲ್ಲಿ ನಾನು ತಪ್ಪಿದೆ. ತಪ್ಪಿದ್ದನ್ನು ಇನ್ನೊಬ್ಬನ ತಲೆಗೆ ಕಟ್ಟಿದೆ. ಬಡ್ತಿ, ಇನ್‌ಕ್ರಿಮೆಂಟುಗಳ ಕಥೆ ಬಿಟ್ಟು ಅದನ್ನೇ ಬರೆಯುತ್ತೇನೆ.

ನಾನು ಸೇರಿದಾಗ ಅಡುಗೆಮನೆಯಲ್ಲಿ ಯಾವ ಗೆರೆಯೂ ಇರಲಿಲ್ಲ. ಬೆಳಗಿನ ತಿಂಡಿಗೆ ಇಡ್ಲಿ ಮತ್ತು ವಡೆ ಎರಡೇ. ಒಂದು ಸಲಕ್ಕೆ ಒಲೆಯ ಮೇಲೆ ಬೆಂದು ಇಳಿಯುವಷ್ಟನ್ನು ಒಂದು ಒಬ್ಬೆ ಎನ್ನುತ್ತಿದ್ದೆವು. ಅಡುಗೆಯವರು ಮನಸ್ಸಿಗೆ ಬಂದಷ್ಟು ಒಬ್ಬೆ ತೆಗೆಯುತ್ತಿದ್ದರು. ಒಂದು ದಿನ ಮಿಕ್ಕದ್ದು ದನಕ್ಕೆ ಹೋಗುತ್ತಿತ್ತು, ಮರುದಿನ ಸಾಲದೆ ಜನ ತಟ್ಟೆ ಬಡಿಯುತ್ತಿದ್ದರು. ಹೀಗಿರುವಾಗ ನಮ್ಮ ಪ್ಲಾನಿಂಗ್ ಆಫೀಸರ್ ರಾಮಶೇಷಯ್ಯನವರು ಎಲ್ಲೋ ತರಬೇತಿಗೆ ಹೋಗಿ ಒಂದು ಕಟ್ಟು ಗ್ರಾಫ್ ಹಾಳೆಯೊಂದಿಗೆ ವಾಪಸು ಬಂದರು. ಬೀಗದ ವಿಭಾಗದವರು ಅವರನ್ನು ಹತ್ತಿರ ಸೇರಿಸಲಿಲ್ಲ. ಆದ್ದರಿಂದ ಕ್ಯಾಂಟೀನಿಗೆ ಬಂದರು.

"ಗೋಪಾಲ, ಪ್ರಪಂಚದಲ್ಲಿ ಸಮ ಅನ್ನೋದು ಎಲ್ಲೂ ಇಲ್ಲ ಕಣಯ್ಯ," ಎಂದರು. "ಸ್ಕೂಲಲ್ಲಿ ಎಕ್ಸ್ ಸಮ ಐದು ಅಂತ ಹೇಳ್ಕೊಟ್ಟು ನಮ್ಮನ್ನ ಕೆಡಿಸ್ತಾರೆ. ನಿಜವಾಗಿ ಇರೋದು, ಇಷ್ಟಕ್ಕಿಂತ ಜಾಸ್ತಿ ಆಗಬಾರದು, ಅಷ್ಟಕ್ಕಿಂತ ಕಮ್ಮಿ ಆಗಬಾರದು. ಇದಕ್ಕೆ ಅಸಮತೆ ಅಂತಾರೆ."

"ನಮ್ಮನೇಲೂ ಹಾಗೇ ಸಾರ್," ಎಂದೆ.

"ಹರಟೆ ಬೇಡ. ಸ್ಕೇಲ್ ತಗೋ."

ಹಾಳೆಯ ಕೆಳಗಿನ ಅಡ್ಡಗೆರೆಯ ಮೇಲೆ ಇಡ್ಲಿಯ ಒಬ್ಬೆಗಳು, ಎಡಗಡೆಯ ಉದ್ದಗೆರೆಯ ಮೇಲೆ ವಡೆಯ ಒಬ್ಬೆಗಳು. ಹಾಗೆ ಗುರುತು ಹಾಕಿದ ಮೇಲೆ ಹಾಳೆಯ ಒಂದೊಂದು ಚುಕ್ಕೆಯೂ ಒಂದೊಂದು ಬೆಳಗಿನ ತಿಂಡಿ. ಬಲಕ್ಕೆ ಐದು ಮನೆ ಹೋಗಿ ಮೇಲಕ್ಕೆ ಎರಡು ಮನೆ ಏರಿದರೆ ಐದು ಒಬ್ಬೆ ಇಡ್ಲಿ, ಎರಡು ಒಬ್ಬೆ ವಡೆ. ಇದು ನನಗೆ ಬಹಳ ಹಿಡಿಸಿತು. ಅಷ್ಟು ದಿನ ಪಾತ್ರೆಯಲ್ಲಿದ್ದ ತಿಂಡಿ ಪೆನ್ಸಿಲ್ಲಿನ ತುದಿಗೆ ಬಂದಿತ್ತು.

ನಮ್ಮ ಕಟ್ಟುಪಾಡು ಮೂರು. ಮೊದಲನೆಯದು ಉದ್ದಿನಬೇಳೆ. ಇಡ್ಲಿಯ ಒಬ್ಬೆಗೆ ಒಂದು ಸೇರು, ವಡೆಯದಕ್ಕೆ ಎರಡು ಸೇರು. ಉಗ್ರಾಣದಿಂದ ದಿನಕ್ಕೆ ಹನ್ನೆರಡು ಸೇರಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಎರಡನೆಯದು ಒಲೆ. ಇದ್ದದ್ದು ಒಂದೇ. ಇಡ್ಲಿಯ ಒಬ್ಬೆಗೆ ಇಪ್ಪತ್ತು ನಿಮಿಷ, ವಡೆಯದಕ್ಕೆ ಹತ್ತು, ಒಟ್ಟು ಸಿಗುತ್ತಿದ್ದದ್ದು ಎರಡು ಗಂಟೆ. ಮೂರನೆಯದು ಹೊಟ್ಟೆ. ಎರಡೂ ಸೇರಿ ಏಳು ಒಬ್ಬೆಗೆ ಕಡಿಮೆಯಾದರೆ ಪಾಳಿಯ ಜನಕ್ಕೆ ಸಾಲುತ್ತಿರಲಿಲ್ಲ.

ಒಂದೊಂದು ಕಟ್ಟುಪಾಡಿಗೆ ಒಂದೊಂದು ಗೆರೆ. ಬೇಳೆಯನ್ನೆಲ್ಲ ಇಡ್ಲಿಗೇ ಹಾಕಿದರೆ ಹನ್ನೆರಡು ಒಬ್ಬೆ, ಎಲ್ಲವನ್ನೂ ವಡೆಗೇ ಹಾಕಿದರೆ ಆರು. ಅಡ್ಡಗೆರೆಯ ಹನ್ನೆರಡನ್ನೂ ಉದ್ದಗೆರೆಯ ಆರನ್ನೂ ಸ್ಕೇಲಿಟ್ಟು ಸೇರಿಸಿದರೆ ಬೇಳೆಯ ಗೆರೆ. ಗೆರೆಯ ಮೇಲೆ ನಿಂತರೆ ಬೇಳೆ ಸರಿಯಾಗಿ ಮುಗಿಯುತ್ತದೆ. ಒಂದು ಕಡೆ ಹೋದರೆ ಮಿಗುತ್ತದೆ, ಇನ್ನೊಂದು ಕಡೆ ಹೋದರೆ ಸಾಲುವುದಿಲ್ಲ. ಯಾವ ಕಡೆ ಯಾವುದು ಎಂದು ತಿಳಿಯಲು ರಾಮಶೇಷಯ್ಯನವರು ಒಂದು ಪರೀಕ್ಷೆ ಹೇಳಿಕೊಟ್ಟರು. ಸೊನ್ನೆ ಇಡ್ಲಿ, ಸೊನ್ನೆ ವಡೆ ಎಂದುಕೋ. ಹನ್ನೆರಡು ಸೇರಿನೊಳಗೆ ಆಯಿತೇ? ಆಯಿತು. ಹಾಗಾದರೆ ಸೊನ್ನೆ ಇರುವ ಮೂಲೆಯ ಕಡೆ ಪೆನ್ಸಿಲ್ ಬಳಿ. ಒಲೆಯ ಗೆರೆಗೂ ಹಾಗೇ. ಹೊಟ್ಟೆಯ ಗೆರೆಗೆ ಬಂದಾಗ, ಸೊನ್ನೆ ಇಡ್ಲಿ ಸೊನ್ನೆ ವಡೆ ಕೊಟ್ಟರೆ ಜನಕ್ಕೆ ಸಾಲುತ್ತದೆಯೇ? ಇಲ್ಲ. ಹಾಗಾದರೆ ಸೊನ್ನೆಗೆ ಬೆನ್ನು ಹಾಕಿ ಆಚೆ ಕಡೆ ಬಳಿ. ಮೂರು ಸಲ ಬಳಿದದ್ದೂ ಎಲ್ಲಿ ಒಂದರ ಮೇಲೊಂದು ಬೀಳುತ್ತದೋ ಅಷ್ಟು ಜಾಗ ನಮ್ಮದು. ಅದರೊಳಗಿನ ಯಾವ ತಿಂಡಿ ಮಾಡಿದರೂ ಬೇಳೆ ಸಾಲುತ್ತದೆ, ಒಲೆ ಸಾಲುತ್ತದೆ, ಹೊಟ್ಟೆ ತುಂಬುತ್ತದೆ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ನಮ್ಮ ಅಡುಗೆಯ ಈರಪ್ಪ. ಗದಗಿನ ಕಡೆಯವನು. ಬಂದು ಸೇರುವಾಗ ಇಡ್ಲಿ ವಡೆ ಎಲ್ಲ ಬರುತ್ತದೆ ಎಂದಿದ್ದ. ಊರಿನ ಖಾನಾವಳಿಯಲ್ಲಿ ಅವನು ತಟ್ಟಿದ್ದು ಜೋಳದ ರೊಟ್ಟಿ ಮಾತ್ರ ಎಂದು ಮೊದಲ ದಿನದ ವಡೆ ಕಚ್ಚಿದವರಿಗೆಲ್ಲ ಗೊತ್ತಾಯಿತು. ಬೀಗದ ಅಂಗಡಿಗಳಿಗೆ ಇದನ್ನೂ ಕಳಿಸಿ, ಕಳ್ಳರು ಒಡೆಯಲಾರರು ಎಂದು ನಮ್ಮವರು ಆಡಿಕೊಳ್ಳುತ್ತಿದ್ದರು.

"ಸರ, ಸೊನ್ನಿ ಇಡ್ಲಿ ಸೊನ್ನಿ ವಡಿ ಅಂದ್ರ ನನಗ ಭಾಳ ಸಲೀಸ್ ನೋಡ್ರಿ," ಎಂದ ಈರಪ್ಪ.

"ಅದು ಬರೀ ಪರೀಕ್ಷೆಗಪ್ಪ," ಎಂದರು ರಾಮಶೇಷಯ್ಯ.

"ಪರೀಕ್ಷಾದಾಗ ಸೊನ್ನಿ ತಗೊಂಡೇ ಇಲ್ಲಿಗೆ ಬಂದೀನ್ರಿ."

ಈರಪ್ಪ ಕಾಯಂ ನೌಕರನಾಗಿರಲಿಲ್ಲ, ಬದಲಿ ಆಳು. ಅವನ ಹೆಂಡತಿ ಗಂಗವ್ವ ಗದಗಿನಲ್ಲಿದ್ದಳು. ಹಿಂದೆ ಎರಡು ಕಡೆ ಕೆಲಸ ಸಿಕ್ಕಿತೆಂದು ಅವಳನ್ನು ಕರೆಸಿಕೊಂಡು, ಎರಡೂ ಕಡೆ ಕೆಲಸ ಹೋಗಿ, ಅವಳು ಪಾತ್ರೆಪಗಡೆ ಹೊತ್ತುಕೊಂಡು ತವರಿಗೆ ಮರಳಿದ್ದಳು. ಇನ್ನು ಕಾಯಂ ಆಗುವವರೆಗೆ ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ಈರಪ್ಪ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಅಕ್ಕಿ ಮೂಟೆಗಳ ಪಕ್ಕ ಮಲಗುತ್ತಿದ್ದ. ಗ್ರಾಫಿನಂತೆ ನಡೆದು, ತಿಂಡಿ ಸಾಲದೆ ಹೋಗುವುದೂ ಮಿಕ್ಕಿ ಹಾಳಾಗುವುದೂ ನಿಂತರೆ ಈ ಬೇಸಿಗೆ ಕಳೆದ ಮೇಲೆ ಅವನನ್ನು ಕಾಯಂ ಮಾಡಲು ಶಿಫಾರಸು ಮಾಡುತ್ತೇನೆ ಎಂದು ರಾಮಶೇಷಯ್ಯ ಮಾತು ಕೊಟ್ಟಿದ್ದರು. ಆದ್ದರಿಂದ ಈರಪ್ಪ ಆ ಹಾಳೆಯನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿಸಿದ. ಅವನ ಹಣೆಯ ವಿಭೂತಿಯ ಪುಡಿ ಗ್ರಾಫಿನ ಮೇಲೂ ಉದುರುತ್ತಿತ್ತು.

ಮೊದಲ ವಾರವೇ ಒಂದು ಎಡವಟ್ಟಾಯಿತು. ನಾನು ಶಾಲೆಯಲ್ಲಿ ಕಲಿತಂತೆ ಬೇಕಾದ ಭಾಗವನ್ನು ಬಳಿಯುತ್ತಿದ್ದೆ. ರಾಮಶೇಷಯ್ಯನವರಿಗೆ ತರಬೇತಿಯಲ್ಲಿ ಬೇಡವಾದ ಭಾಗವನ್ನು ಬಳಿದು ಬೇಕಾದದ್ದನ್ನು ಬಿಳಿ ಬಿಡುವ ಪದ್ಧತಿ ಹೇಳಿಕೊಟ್ಟಿದ್ದರು. ನನಗೆ ಕಲಿಸಿದ್ದು ಒಂದು ರೀತಿ, ಅವರಿಗೆ ಕಲಿಸಿದ್ದು ಇನ್ನೊಂದು ರೀತಿ. ನಾನು ಬಳಿದು ಹೋದ ಹಾಳೆಯನ್ನು ಅವರು ಸಂಜೆ ಬಂದು ತಮ್ಮ ರೀತಿಯಲ್ಲಿ ಪೂರ್ತಿ ಮಾಡಿದ್ದಾರೆ. ಬೆಳಿಗ್ಗೆ ನೋಡಿದರೆ ಹಾಳೆಯಲ್ಲಿ ಬಿಳಿ ಎಂಬುದೇ ಇಲ್ಲ.

"ಎಲ್ಲಾ ಹೊತ್ತಿ ಹೋಗೇತಲ್ರೀ ಸರ," ಎಂದ ಈರಪ್ಪ. ಆ ದಿನ ಅವನು ತನಗೆ ತಿಳಿದಷ್ಟು ಮಾಡಿದ. ಸಾಲಲಿಲ್ಲ. ಬೈಸಿಕೊಂಡವನು ಅವನು. ಹಾಳೆ ಕಪ್ಪಾಗಿದ್ದು ನಮ್ಮಿಬ್ಬರಿಂದ ಎಂದು ನಾನಾಗಲಿ ರಾಮಶೇಷಯ್ಯನವರಾಗಲಿ ಬಾಯಿ ಬಿಡಲಿಲ್ಲ. ನೀವು ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ: ಇಲ್ಲಿ ಬಳಿಯುವುದು ಬೇಕಾದ್ದನ್ನೋ ಬೇಡದ್ದನ್ನೋ? ಕೇಳಲು ನಾಚಿಕೆಪಟ್ಟರೆ ಇನ್ನೊಬ್ಬರು ಬೈಸಿಕೊಳ್ಳುತ್ತಾರೆ.

ಇನ್ನೊಂದು ಸಲ ಬೇಳೆಯ ಗೆರೆ ಎಳೆಯುವಾಗ ನನ್ನ ಪೆನ್ನಿನ ಮಸಿ ಮುಗಿಯುತ್ತಾ ಬಂದು ಗೆರೆ ತುಂಡು ತುಂಡಾಗಿ ಬಿತ್ತು. ಗಣಿತದಲ್ಲಿ ಅದಕ್ಕೆ ಬೇರೆಯೇ ಅರ್ಥ. ಪೂರ್ತಿ ಗೆರೆ ಎಂದರೆ ಗೆರೆಯ ತನಕ ಹೋಗಬಹುದು, ಗೆರೆಯೂ ನಮ್ಮದೇ. ತುಂಡು ಗೆರೆ ಎಂದರೆ ಗೆರೆಯನ್ನು ಮುಟ್ಟುವ ಹಾಗಿಲ್ಲ, ಅದರ ಈಚೆಗೇ ನಿಲ್ಲಬೇಕು. ರಾಮಶೇಷಯ್ಯನವರು ಇದನ್ನು ಈರಪ್ಪನಿಗೆ ಅದೇ ತಾನೇ ವಿವರಿಸಿದ್ದರು. ಅವನು ಅಂದಿನಿಂದ ದಿನವೂ ಒಂದು ಹಿಡಿ ಬೇಳೆಯನ್ನು ನೆನೆಹಾಕಿಯೂ ರುಬ್ಬದೆ ಬಿಡತೊಡಗಿದ. ಒಂದು ದಿನ ಮೂಲೆಯ ಬಕೆಟ್ಟಿನಿಂದ ಹುಳಿ ವಾಸನೆ ಬಂದಾಗ ವಿಷಯ ಹೊರಬಿತ್ತು.

"ಹಿಡಿ ಬೇಳೆ ಯಾಕೋ ಬಿಟ್ಟೆ?" ಎಂದೆ.

"ಗೆರಿ ಮುಟ್ಟಬ್ಯಾಡ ಅಂದಾರಲ್ರಿ. ಒಂದ್ ಹಿಡಿ ದೂರ ನಿಂತೀನ್ರಿ."

ಆಮೇಲೊಮ್ಮೆ ನಾನೇ ಉತ್ಸಾಹದಿಂದ ಗೆರೆಗಳನ್ನು ಎಡಗಡೆಗೂ ಬೆಳೆಸಿದೆ. ಉದ್ದಗೆರೆ ದಾಟಿ ಎಡಕ್ಕೆ ಹೋದರೆ ಇಡ್ಲಿಯ ಲೆಕ್ಕ ಸೊನ್ನೆಗಿಂತ ಕೆಳಗೆ. ಅಲ್ಲೂ ಮೂರು ಬಳಿತಗಳು ಒಂದಾಗುತ್ತವೆಯೇ ಎಂದು ನೋಡುತ್ತಾ ಮೈನಸ್ ಎರಡು ಒಬ್ಬೆ ಇಡ್ಲಿ ಎಂಬ ಜಾಗಕ್ಕೆ ಬೆರಳಿಟ್ಟೆ. ಇದನ್ನು ಮಾಡೋದು ಹೇಗೆ ಎಂದು ಈರಪ್ಪ ಕೇಳಿದ. ಕೊನೆಗೆ ಅವನೇ, "ಮಂದಿ ಮನಿಯಿಂದ ಇಡ್ಲಿ ತಂದು ನಮಗ ಕೊಡಬೇಕಾಕ್ಕೈತಿ ಅನಸ್ತೈತ್ರಿ," ಎಂದ. ರಾಮಶೇಷಯ್ಯನವರು ಇದನ್ನು ಕೇಳಿ ಒಂದು ಕ್ಷಣ ಆಸೆಯಿಂದ ಹಾಳೆ ನೋಡಿದರು. ಆಮೇಲೆ ಇಡ್ಲಿ ಸೊನ್ನೆಗೆ ಕಡಿಮೆಯಿಲ್ಲ, ವಡೆ ಸೊನ್ನೆಗೆ ಕಡಿಮೆಯಿಲ್ಲ ಎಂದು ಇನ್ನೆರಡು ಅಸಮತೆಗಳನ್ನು ಬರೆಸಿದರು. ಇವನ್ನು ಬರೆಯಲು ಮರೆಯುವವರು ಈಗಲೂ ಇದ್ದಾರೆ ಎಂದು ಕೇಳಿದ್ದೇನೆ.

ಇಷ್ಟಾದ ಮೇಲೆ ಎಲ್ಲ ಒಂದು ಹದಕ್ಕೆ ಬಂತು. ನಮ್ಮ ಜಾಗ ಒಂದು ಪುಟ್ಟ ತ್ರಿಕೋನ. ಅದರ ಮೂರು ಮೂಲೆಗಳು: ಐದು ಇಡ್ಲಿ ಎರಡು ವಡೆ, ಎರಡು ಇಡ್ಲಿ ಐದು ವಡೆ, ನಾಲ್ಕು ನಾಲ್ಕು. ಖರ್ಚು ಕಡಿಮೆ ಬರುವುದು ಯಾವುದಾದರೂ ಮೂಲೆಯಲ್ಲೇ ಎಂದು ರಾಮಶೇಷಯ್ಯ ಹೇಳಿದ್ದರು. ಎಣ್ಣೆ ಹೆಚ್ಚು ಬೇಡದ್ದರಿಂದ ಐದು ಇಡ್ಲಿ ಎರಡು ವಡೆಯೇ ಅಗ್ಗ. ಮಧ್ಯಾಹ್ನ ಬೇಳೆ ನೆನೆಹಾಕುವ ಮುಂಚೆ ನಾನು ಕೆಂಪು ತಲೆಯ ಗುಂಡುಸೂಜಿಯೊಂದನ್ನು ಆ ಮೂಲೆಗೆ ಚುಚ್ಚುತ್ತಿದ್ದೆ. ಸೂಜಿ ಎಲ್ಲಿದೆಯೋ ಮರುದಿನದ ತಿಂಡಿ ಅದು. ಹಬ್ಬದ ಮುನ್ನಾದಿನ ಒಮ್ಮೆ ನಾನೇ ಯೋಚಿಸಿ ಸೂಜಿಯನ್ನು ಸ್ವಲ್ಪ ವಡೆಯ ಕಡೆಗೆ ಸರಿಸಿದ್ದೆ. ರಾಮಶೇಷಯ್ಯ ಸಿಡಿದರು: "ನಿನ್ನ ತಲೆ ಉಪಯೋಗಿಸು ಅಂತ ಯಾರಯ್ಯ ಹೇಳಿದ್ದು? ಮೂಲೆ ಲೆಕ್ಕ ಹಾಕು, ಕಮ್ಮಿ ಇರೋದಕ್ಕೆ ಚುಚ್ಚು." ಅಂದಿನಿಂದ ನಾನು ತಲೆಯನ್ನು ಹೊರಗೇ ಬಿಟ್ಟು ಒಳಗೆ ಬರುತ್ತಿದ್ದೆ.

ಬೇಸಿಗೆ ಮುಗಿಯುತ್ತಾ ಬಂದಿತ್ತು. ಈರಪ್ಪನ ಶಿಫಾರಸು ಮೇಲಕ್ಕೆ ಹೋಗಿತ್ತು. ಅವನು ಮತ್ತಿಕೆರೆಯಲ್ಲಿ ಒಂದು ಕೋಣೆ ನೋಡಿಟ್ಟು ಬಂದಿದ್ದ. ಗಂಗವ್ವನಿಗೆ ಇನ್ನೂ ಹೇಳಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಕ್ಯಾಂಟೀನಿನ ಫೋನು ಬಡಿಯಿತು. ಕಾರ್ಖಾನೆಯ ಮ್ಯಾನೇಜರು, ನಾವೆಲ್ಲ ದೊಡ್ಡ ಸಾಹೇಬರು ಎನ್ನುತ್ತಿದ್ದವರು. ಕಲ್ಕತ್ತೆಯ ಕಡೆಯವರು, ಒಳ್ಳೆಯ ಮನುಷ್ಯ. ಕನ್ನಡ ಕಲಿಯಬೇಕೆಂದು ಬಹಳ ಆಸೆ. ಇಂಗ್ಲಿಷಿನಲ್ಲಿ ಮಾತಾಡಿದರೆ ಬೇಸರಪಡುತ್ತಿದ್ದರು.

"ಗೋಪಾಲ್, ನಾಳೆ ಪೇಂಟಿಂಗ್ ಶಾಪ್ ರಜಾ. ಜನ ಕಮ್ಮಿ. ಆರು ಒಬ್ಬೆ ಸಾಕು," ಎಂದು ಇಟ್ಟುಬಿಟ್ಟರು.

ಸಾಕು. ಈ ಒಂದು ಮಾತಿನ ಮುಂದೆ ನಾನು ಸ್ಕೇಲು ಹಿಡಿದು ಕುಳಿತೆ. ಹಿಂದೆ ಬೇಳೆಯ ವಿಷಯದಲ್ಲಿ ಇದೇ ಸಾಹೇಬರು, "ಹನ್ನೆರಡು ಸೇರು ಸಾಕು," ಎಂದಿದ್ದರು. ಅದರ ಅರ್ಥ ಹನ್ನೆರಡನ್ನು ಮೀರಬೇಡಿ ಎಂದು. ಅದೇ ಬಾಯಿ, ಅದೇ ಮಾತು. ಹಾಗಾದರೆ ಆರು ಒಬ್ಬೆ ಸಾಕು ಎಂದರೆ ಆರನ್ನು ಮೀರಬೇಡಿ ಎಂದು. ಏಳರ ಗೆರೆ ಅಳಿಸಿದೆ, ಆರರ ಗೆರೆ ಎಳೆದೆ. ಸೊನ್ನೆಯಿಟ್ಟು ಪರೀಕ್ಷೆ ಮಾಡಿದೆ. ಸೊನ್ನೆ ಆರನ್ನು ಮೀರುತ್ತದೆಯೇ? ಇಲ್ಲ. ಸೊನ್ನೆಯ ಕಡೆಗೇ ಬಳಿದೆ. ಸಾಹೇಬರು ನಿಜವಾಗಿ ಹೇಳಿದ್ದು ಆರಾದರೂ ಇದ್ದರೆ ನಡೆಯುತ್ತದೆ, ಅದಕ್ಕೆ ಕಡಿಮೆ ಬೇಡ ಎಂದು. ಬಡಿಸಿಕೊಳ್ಳುವವನು ಸಾಕು ಎನ್ನುವುದು ಒಂದು ಕಡೆಗೆ, ಇಷ್ಟಿದ್ದರೆ ಸಾಕು ಎನ್ನುವುದು ಇನ್ನೊಂದು ಕಡೆಗೆ. ಹುಟ್ಟಿದಾಗಿನಿಂದ ಎರಡನ್ನೂ ಆಡುತ್ತಾ ಬಂದವನಿಗೆ ಆ ಹೊತ್ತಿಗೆ ಒಂದೇ ನೆನಪಾಯಿತು.

ಹೊಸ ತ್ರಿಕೋನದ ಮೂಲೆಗಳ ಲೆಕ್ಕ ಹಾಕಿದೆ. ಆರು ಒಬ್ಬೆ ಇಡ್ಲಿ. ಆರು ಒಬ್ಬೆ ವಡೆ. ಸೊನ್ನೆ ಸೊನ್ನೆ. ಖರ್ಚು ಯಾವುದರಲ್ಲಿ ಕಡಿಮೆ ಎಂದು ಹೇಳಬೇಕಾಗಿಲ್ಲ. ಯಾವತ್ತೂ ಅಷ್ಟು ಕಡಿಮೆ ಬಂದಿರಲಿಲ್ಲ. ಏನೋ ಸರಿಯಿಲ್ಲ ಎಂದು ಅನ್ನಿಸಿತು. ಅನ್ನಿಸಿದ್ದು ತಲೆಗೆ, ತಲೆ ಉಪಯೋಗಿಸಬಾರದೆಂದು ಆಜ್ಞೆಯಾಗಿತ್ತು. ಸೂಜಿಯನ್ನು ಸೊನ್ನೆಯ ಮೂಲೆಗೆ ಚುಚ್ಚಿ ರೈಲಿಗೆ ಓಡಿದೆ.

ಶನಿವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಮೊದಲ ಪಾಳಿಯವರೆಲ್ಲ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಒಲೆ ತಣ್ಣಗಿತ್ತು. ಇಡ್ಲಿ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಸಾಲಾಗಿ ಜೋಡಿಸಿತ್ತು. ಈರಪ್ಪ ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಟ್ಟು, ಗ್ರಾಫಿನ ಕೆಳಗೆ ಬೆಂಚಿನ ಮೇಲೆ ಕುಳಿತಿದ್ದ. ಎದುರಿಗೆ ಯೂನಿಯನ್ನಿನ ಮುನಿಯಪ್ಪನವರು. ಜಕ್ಕೂರಿನವರು, ದೊಡ್ಡ ಗಂಟಲು.

"ಏನಯ್ಯಾ ಈರಪ್ಪ, ಏನ್ ಮಾಡಿದ್ದೀಯ ಇವತ್ತು?"

"ಸೊನ್ನಿ ಮಾಡೀನ್ರಿ."

"ಸೊನ್ನೆಗೆ ಚಟ್ನಿ ಬತ್ತದಾ, ಸಾಂಬಾರ್ ಬತ್ತದಾ?"

"ಅದನ್ನ ಹಾಳ್ಯಾಗ ಬರದಿಲ್ರಿ," ಎಂದು ಈರಪ್ಪ ಸೂಜಿಯ ಕಡೆ ಕೈ ತೋರಿಸಿದ.

ಜನ ಬಿಸ್ಕತ್ತು ತಿಂದು ಚಹಾ ಕುಡಿದು ಕೂಗಾಡುತ್ತಾ ಕೆಲಸಕ್ಕೆ ಹೋದರು. ಒಂದು ಗಂಟೆಯೊಳಗೆ ಸಾಹೇಬರ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಮೇಜಿನ ತಲೆಯಲ್ಲಿ ದೊಡ್ಡ ಸಾಹೇಬರು, ಅಕ್ಕಪಕ್ಕ ರಾಮಶೇಷಯ್ಯ ಮತ್ತು ಮುನಿಯಪ್ಪ. ನಡವಳಿ ಕನ್ನಡದಲ್ಲೇ ಇರಬೇಕೆಂದು ಸಾಹೇಬರು ಹೇಳಿದ್ದರಿಂದ ಬರೆದುಕೊಳ್ಳಲು ನಾನು. ಆರೋಪಿ ಈರಪ್ಪ. ಕ್ಯಾಂಟೀನಿನಲ್ಲಿ ಬೇರೆ ಆಳಿರಲಿಲ್ಲವಾದ್ದರಿಂದ ಎಲ್ಲರಿಗೂ ಚಹಾ ಹಾಕುವವನೂ ಅವನೇ.

"ನಾನು ಆರು ಸಾಕು ಹೇಳಿತು," ಎಂದರು ಸಾಹೇಬರು. "ಸೊನ್ನೆ ಹೇಳಿತಾ?"

"ಸೊನ್ನೆಯೂ ಆರರೊಳಗೇ ಬರುತ್ತೆ ಸಾರ್," ಎಂದರು ರಾಮಶೇಷಯ್ಯ. "ಸಾಕು ಅಂದ್ರೆ ಮೀರಬಾರದು ಅಂತ."

"ಸಾಮಿ, ಸಾಕು ಅಂದ್ರೆ ಇಷ್ಟಾದ್ರೂ ಇರಲಿ ಅಂತ," ಎಂದರು ಮುನಿಯಪ್ಪ. "ಒಟ್ಟೆಗಿಲ್ದೆ ಬಂದೋರು ಇಂಗೆ ಲೆಕ್ಕ ಆಕಲ್ಲ."

"ಗಣಿತದಲ್ಲಿ ಒಂದು ಮಾತಿಗೆ ಒಂದೇ ಅರ್ಥ ಮುನಿಯಪ್ಪನವರೇ."

"ಅಂಗಾರೆ ನಿಮ್ ಗಣಿತಾನೇ ಬಡಿಸ್ಬಿಡಿ, ತಿಂತೀವಿ."

ಸಾಹೇಬರಿಗೆ ಇದು ಕನ್ನಡ ಕಲಿಯಲು ಒಳ್ಳೆಯ ಅವಕಾಶವಾಗಿ ಕಂಡಿತು. ಪ್ರಯೋಗ ಮಾಡೋಣ ಎಂದರು. ಈರಪ್ಪ ಅವರ ತಟ್ಟೆಗೆ ಒಂದೊಂದೇ ಬಿಸ್ಕತ್ತು ಹಾಕುತ್ತಾ ಹೋಗಬೇಕು. ಎರಡು ಬಿದ್ದ ಮೇಲೆ ಸಾಹೇಬರು, "ಸಾಕು," ಎಂದರು. ಈರಪ್ಪ ಇನ್ನೊಂದು ಹಾಕಿದ. ಬಡಿಸುವವನು ಮೊದಲ ಸಾಕಿಗೆ ಕೈ ನಿಲ್ಲಿಸಿದರೆ ಅದು ಅವಮಾನ.

"ನೋಡಿ ಸಾಮಿ," ಎಂದರು ಮುನಿಯಪ್ಪ. "ಸಾಕು ಅಂದ್ಮೇಲೂ ಒಂದು ಬಿತ್ತು. ಮೇಲಕ್ಕೇ ಓಗ್ತದೆ, ಕೆಳಕ್ಕೆ ಬರಲ್ಲ."

"ಎರಡನೇ ಸಾಕಿಗೆ ನಿಲ್ಲುತ್ತೆ," ಎಂದರು ರಾಮಶೇಷಯ್ಯ. "ಅಂದರೆ ಮೊದಲನೆಯದು ತುಂಡು ಗೆರೆ, ಎರಡನೆಯದು ಪೂರ್ತಿ ಗೆರೆ."

ನಾನು ಇದನ್ನೆಲ್ಲ ಬರೆದುಕೊಂಡೆ. ಆಮೇಲೆ ಸಾಹೇಬರು ನಗು ನಿಲ್ಲಿಸಿ ಕೇಳಿದರು: "ಸೂಜಿ ಸೊನ್ನೆಗೆ ಯಾರು ಹಾಕಿತು?"

ರಾಮಶೇಷಯ್ಯ ನನ್ನನ್ನು ನೋಡಿದರು.

"ನಾನು ಚುಚ್ಚಿದ್ದು ಅಲ್ಲಿ ಅಲ್ಲ ಸಾರ್," ಎಂದೆ.

ಇಷ್ಟೇ ಹೇಳಿದ್ದು. ಈರಪ್ಪ ಸರಿಸಿದ ಎಂದು ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ರಾತ್ರಿ ಕ್ಯಾಂಟೀನಿನಲ್ಲಿ ಇರುತ್ತಿದ್ದವನು ಅವನೊಬ್ಬನೇ. ಗೆರೆ ಒಂದನ್ನು ಎಳೆದುಬಿಟ್ಟರೆ ಬಳಿಯುವುದನ್ನು ಬೇರೆಯವರೇ ಮಾಡಿಕೊಳ್ಳುತ್ತಾರೆ. ನನಗೆ ಮನೆಯಲ್ಲಿ ತಂಗಿಯ ಮದುವೆ ಇತ್ತು, ಅದಿತ್ತು, ಇದಿತ್ತು. ಕಾರಣಗಳನ್ನು ಇಷ್ಟು ವರ್ಷ ಜೋಡಿಸಿ ನೋಡಿದ್ದೇನೆ. ನಿಜವಾಗಿ ಇದ್ದದ್ದು ಹೆದರಿಕೆ.

ಈರಪ್ಪ ಕೆಟಲ್ ಹಿಡಿದುಕೊಂಡು ನನ್ನನ್ನೇ ನೋಡಿದ. ಆಮೇಲೆ ಸಾಹೇಬರಿಗೆ ಹೇಳಿದ: "ಸೂಜಿ ಎಲ್ಲಿ ಇತ್ತೋ ಅದನ್ನ ಮಾಡೀನ್ರಿ. ನಾ ಅದನ್ನ ಮುಟ್ಟಿಲ್ರಿ." ಹೇಳಿ, ಕೆಲಸ ನಿಲ್ಲಬಾರದೆಂದೋ ಏನೋ, ಸಾಹೇಬರ ಖಾಲಿ ಕಪ್ಪಿಗೆ ಚಹಾ ಬಗ್ಗಿಸತೊಡಗಿದ.

ಸಾಹೇಬರು ಫೈಲು ತೆರೆದು ಶಿಫಾರಸನ್ನು ನೋಡುತ್ತಾ, "ಈರಪ್ಪನ ಸರ್ವೀಸ್..." ಎಂದರು. ಅಷ್ಟರಲ್ಲಿ ಕಪ್ಪು ತುಂಬುತ್ತಾ ಬಂತು. ಅಂಗೈಯನ್ನು ಕಪ್ಪಿನ ಮೇಲೆ ಅಡ್ಡ ಹಿಡಿದು, "ಸಾಕು," ಎಂದರು. ಆಗಲೇ ಡ್ರೈವರು ಬಾಗಿಲಿಗೆ ಬಂದ. ಶನಿವಾರ ಸಾಹೇಬರು ಜಕ್ಕೂರಿನ ಮೈದಾನಕ್ಕೆ ವಿಮಾನ ಹಾರಿಸಲು ಕಲಿಯಲು ಹೋಗುತ್ತಿದ್ದರು. ಗಡಿಯಾರ ನೋಡಿ, ಫೈಲು ಮುಚ್ಚಿ, ಎದ್ದು ಹೋದರು. ಚಹಾ ಹಾಗೇ ಉಳಿಯಿತು.

ಬಾಗಿಲು ಮುಚ್ಚಿದ ಕೂಡಲೆ ರಾಮಶೇಷಯ್ಯ ನಿಟ್ಟುಸಿರು ಬಿಟ್ಟರು. "ಸರ್ವೀಸ್ ಸಾಕು ಅಂದುಬಿಟ್ರು. ಪಾಪ. ಇವತ್ತೇ ಬಿಡಿಸಬೇಕು."

"ಏ, ಸಾಕು ಅಂದ್ರೆ ಸರ್ವೀಸು ಸಾಕಾಗೋವಷ್ಟು ಆಗದೆ, ಕಾಯಂ ಮಾಡಿ ಅಂತ," ಎಂದರು ಮುನಿಯಪ್ಪ. "ಈಗ ತಾನೇ ತೀರ್ಮಾನ ಆಯ್ತಲ್ಲ, ಸಾಕು ಅಂದ್ರೆ ಮೇಲಕ್ಕೇ ಓಗೋದು ಅಂತ."

ಅರ್ಧ ಗಂಟೆ ವಾದ ನಡೆಯಿತು. ಸಾಹೇಬರ ಕೈ ಎಲ್ಲಿತ್ತು ಎಂದು ಅವರಿಬ್ಬರೂ ನೋಡಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ನೋಡಿದ್ದೆ. ಈರಪ್ಪನೂ ನೋಡಿದ್ದ, ಕೆಟಲ್ ಅವನ ಕೈಯಲ್ಲೇ ಇತ್ತಲ್ಲ. ಆ ಸಾಕು ಹೇಳಿದ್ದು ಚಹಾಕ್ಕೆ. ಈರಪ್ಪನ ವಿಷಯದಲ್ಲಿ ಸಾಹೇಬರು ಏನನ್ನೂ ಹೇಳಿರಲಿಲ್ಲ.

"ಗೋಪಾಲ, ನೀನು ಬರ್ಕೊಂಡಿದ್ದೀಯಲ್ಲ. ಏನಂದ್ರು ಓದು," ಎಂದರು ರಾಮಶೇಷಯ್ಯ.

ನಾನು ಬರೆದುಕೊಂಡೇ ಇರಲಿಲ್ಲ. ಈರಪ್ಪನ ಕಡೆ ನೋಡಿದೆ. ಅವನು ಕಪ್ಪಿನ ಕಡೆ ನೋಡುತ್ತಿದ್ದ. ಆಗ ನಾನು ಖಾಲಿ ಹಾಳೆಯನ್ನೇ ನೋಡುತ್ತಾ ಗಟ್ಟಿಯಾಗಿ ಓದಿದೆ: "ಈರಪ್ಪನ ಸೇವೆಯು ಕಾಯಂ ಮಾಡಲು ಸಾಕಷ್ಟಿದೆ ಎಂದು ಮ್ಯಾನೇಜರವರು ಅಭಿಪ್ರಾಯಪಟ್ಟರು."

ಇದನ್ನು ಒಳ್ಳೆಯ ಕೆಲಸವೆಂದು ಎಣಿಸಬೇಡಿ. ಚಹಾದ ಮಾತು ಎತ್ತಿದ್ದರೆ ಸೋಮವಾರ ಮತ್ತೆ ವಿಚಾರಣೆ ನಡೆದು ಸೂಜಿಯ ಪ್ರಶ್ನೆ ಮತ್ತೆ ಬರುತ್ತಿತ್ತು. ಅವನನ್ನು ಉಳಿಸಿದ್ದೂ ನನ್ನನ್ನು ಉಳಿಸಿಕೊಳ್ಳುವುದಕ್ಕೇ.

ಸೋಮವಾರ ಸಾಹೇಬರು ನಡವಳಿಯನ್ನು ಬೆರಳಿಟ್ಟು ಅಕ್ಷರ ಅಕ್ಷರ ಓದಿದರು. ಆ ಸಾಲಿಗೆ ಬಂದಾಗ ನಿಂತರು.

"ಅಭಿಪ್ರಾಯಪಟ್ಟರು," ಎಂದು ಎರಡು ಸಲ ಹೇಳಿಕೊಂಡರು. "ಗೋಪಾಲ್, ನಾನು ಇಷ್ಟು ಒಳ್ಳೆ ಕನ್ನಡ ಮಾತಾಡಿತಾ?"

"ಹೌದು ಸಾರ್."

ಅವರ ಮುಖ ಅರಳಿತು. ಸಹಿ ಹಾಕಿದರು.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಎರಡನೆಯ ಒಲೆ ಬಂದಾಗ ಒಲೆಯ ಗೆರೆ ಓರೆ ಕೆಡದೆ ಹಾಗೇ ದೂರಕ್ಕೆ ಸರಿಯಿತು, ನಮ್ಮ ತ್ರಿಕೋನ ದೊಡ್ಡದಾಯಿತು. ರುಬ್ಬುವ ಯಂತ್ರ ಬಂತು, ಉಪ್ಪಿಟ್ಟು ಸೇರಿತು. ಮೂರು ತಿಂಡಿಯಾದ ಮೇಲೆ ಚಪ್ಪಟೆ ಹಾಳೆಯಲ್ಲಿ ಗೆರೆ ಎಳೆಯಲಾಗದೆ ರಾಮಶೇಷಯ್ಯ ಸೋತು ಕುಳಿತರು. ಎಂಬತ್ತರ ದಶಕದ ಕೊನೆಗೆ ಹೆಡ್ಡಾಫೀಸಿನ ಕಂಪ್ಯೂಟರು ತಿಂಡಿ ತೀರ್ಮಾನಿಸತೊಡಗಿತು. ಅದು ಕೂಡ ಒಮ್ಮೆ ಸೊನ್ನೆ ಕಳಿಸಿತು. ಆ ಸಲ ನಾನು ಫೋನು ಮಾಡಿ ಕೇಳಿದೆ. ನೀವೂ ಕೇಳಿ. ಯಾರು ಸಾಕು ಎಂದರೂ, ಸ್ವಾಮಿ, ಇಷ್ಟಕ್ಕೆ ಕಡಿಮೆ ಬೇಡವೋ ಇಷ್ಟಕ್ಕೆ ಹೆಚ್ಚು ಬೇಡವೋ ಎಂದು ಬಾಯಿಬಿಟ್ಟು ಕೇಳಿ, ಆಮೇಲೆ ಸ್ಕೇಲು ಮುಟ್ಟಿ.

ಈರಪ್ಪ ನಿವೃತ್ತನಾಗುವವರೆಗೂ ನಮ್ಮ ಕ್ಯಾಂಟೀನಿನಲ್ಲೇ ಇದ್ದ. ಅವನ ವಡೆ ಕೊನೆಯವರೆಗೂ ಮೆತ್ತಗಾಗಲಿಲ್ಲ. ಇಡೀ ಕಾರ್ಖಾನೆ ಅದನ್ನು ಅಷ್ಟು ವರ್ಷ ಕಚ್ಚಿದ್ದು ನನ್ನ ಒಂದು ಸಾಲಿನಿಂದ. ಅವರಲ್ಲಿ ಬದುಕಿರುವವರು ಇದನ್ನು ಓದಿದರೆ ನನ್ನನ್ನು ಕ್ಷಮಿಸಬೇಕು. ಸೂಜಿಯ ವಿಷಯವನ್ನು ಈರಪ್ಪ ನನ್ನ ಹತ್ತಿರ ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕಾದವನು ನಾನು.

ಕಾಯಂ ಆದೇಶ ಬಂದ ಮೇಲೆ ಗಂಗವ್ವ ತನ್ನ ಪಾತ್ರೆಗಳ ಮೂಟೆಯೊಂದಿಗೆ ಯಶವಂತಪುರದಲ್ಲಿ ಇಳಿದಳು. ಮನೆಗೂ ಹೋಗದೆ, ಮೊದಲು ಕೆಲಸದ ಜಾಗ ನೋಡಬೇಕು, ನಿಜವೋ ಸುಳ್ಳೋ ಎಂದು ನೇರ ಕ್ಯಾಂಟೀನಿಗೆ ಬಂದಳು. ಈರಪ್ಪ ಅವಳನ್ನು ಬೆಂಚಿನ ಮೇಲೆ ಕೂರಿಸಿ, ತಟ್ಟೆ ಒರೆಸಿ, ತಾನೇ ಕರಿದ ಬಿಸಿ ವಡೆ ಎರಡು ಇಟ್ಟ. ಪಕ್ಕದಲ್ಲಿ ನನಗೂ ಒಂದು ತಟ್ಟೆ. ಅವಳು ಒಂದು ಕಡೆಯಿಂದ ಕಚ್ಚಿದಳು. ತಿರುಗಿಸಿ ಇನ್ನೊಂದು ಕಡೆಯಿಂದ ಕಚ್ಚಿದಳು. ಆಮೇಲೆ ಮೆಲ್ಲಗೆ ತಟ್ಟೆಯಲ್ಲಿಟ್ಟು, ಗಂಡನನ್ನು ಬಿಟ್ಟು ನನ್ನನ್ನು ಕೇಳಿದಳು.

"ಅಣ್ಣಾರ, ನೀವೆಲ್ಲಾ ಇದನ್ನ ತಿಂದ ಮ್ಯಾಲೂ ಇವರನ್ನ ಕಾಯಂ ಮಾಡಿದ್ರ್ಯಾ?"

"ಹೌದಮ್ಮ."

"ನಿಮ್ಮ ಮನಸ್ಸು ಭಾಳ ದೊಡ್ಡದೈತ್ರಿ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಕೈ ಮುಗಿದಳು.

ಒಲೆಯ ಹತ್ತಿರ ನಿಂತಿದ್ದ ಈರಪ್ಪ ನನ್ನನ್ನು ನೋಡಿದ. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಾಣಲೆಯಿಂದ ಇನ್ನೊಂದು ವಡೆ ಎತ್ತಿ, ಎಣ್ಣೆ ಸೋರಲು ಬಿಟ್ಟು, ಬಂದು ನನ್ನ ತಟ್ಟೆಗೆ ಹಾಕಿದ. ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಪೂರ್ತಿ ತಿಂದೆ.